ನನ್ನ ಟೀ ಪಾತ್ರೆ ಬಿಟ್ಟುಬಿಡಿ

ಟೀಗೆ ಏನೇನು ಹಾಕಬಹುದೆಂದು ನಮ್ಮಂಥ ಹೆಂಗಸರಿಗೆ ಯಾರೂ ಪಾಠ ಹೇಳಿಕೊಡಬೇಕಾಗಿಲ್ಲ. ಶುಂಠಿ ಜಜ್ಜಿ ಹಾಕುತ್ತೇವೆ. ಏಲಕ್ಕಿಯ ಸಿಪ್ಪೆಯನ್ನೂ ಬಿಸಾಡದೆ ಹಾಕುತ್ತೇವೆ. ನೆಗಡಿಯಾದರೆ ಎರಡು ಕಾಳು ಮೆಣಸು, ನಾಲ್ಕು ತುಳಸಿ ಎಲೆ, ಕುಂಡದಲ್ಲಿ ಬೆಳೆದಿದ್ದರೆ ಒಂದೆಸಳು ಮಜ್ಜಿಗೆ ಹುಲ್ಲು. ನಾನಿರುವ ಕಮ್ಮನಹಳ್ಳಿಯ ಕೆಲವು ಮನೆಗಳಲ್ಲಿ ಇವೆಲ್ಲದರ ಮೇಲೆ ಇನ್ನೊಂದು ಪದಾರ್ಥ ಬೀಳುತ್ತದೆ. ಅದನ್ನು ಹಾಕುವವರು ಹೆಂಗಸರಲ್ಲ. ನಾವು ಕುದಿಸಿ, ಸೋಸಿ, ಲೋಟಕ್ಕೆ ಬಗ್ಗಿಸಿ ಕೈಗೆ ಕೊಟ್ಟ ಮೇಲೆ ಮಂಚದ ಕೆಳಗಿನ ಕಪ್ಪು ಟ್ರಂಕಿನಿಂದ ಒಂದು ಬಾಟ್ಲಿ ಹೊರಬರುತ್ತದೆ, ಕಂದು ಬಣ್ಣದ ರಮ್ಮು ಕಂದು ಬಣ್ಣದ ಟೀಯೊಳಗೆ ಗುರುತೇ ಸಿಗದ ಹಾಗೆ ಸೇರಿಹೋಗುತ್ತದೆ. ಇದೇನು ಎಂದು ಕೇಳಿದರೆ 'ಮಿಲಿಟರಿ ಟೀ' ಎನ್ನುತ್ತಾರೆ. ಸಂಪ್ರದಾಯವಂತೆ. ಸೈನ್ಯದ ಶಿಸ್ತಂತೆ. ಚಳಿಗೆ ಔಷಧಿಯಂತೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಊರೂರು ತಿರುಗಿ ಬಾಟ್ಲಿ ಒಡೆಸುವವಳಲ್ಲ. ಹವಾಲ್ದಾರರೊಬ್ಬರ ಹೆಂಡತಿಯಾಗಿ ನಾಲ್ಕು ದಶಕ ಕಳೆದಿದ್ದೇನೆ. ಗಂಡಸು ವಾರಕ್ಕೊಮ್ಮೆ ಸಂಜೆ ಹೊತ್ತು ತನ್ನ ಲೋಟದಲ್ಲಿ ತನ್ನ ರಮ್ಮು ಹಾಕಿಕೊಂಡು, ಹಳೆಯ ಸ್ನೇಹಿತರ ಜೊತೆ ಎತ್ತರದ ಧ್ವನಿಯಲ್ಲಿ ಹಿಂದಿ ಮಾತಾಡುತ್ತಾ ಕೂತರೆ ನನಗೇನೂ ಆಕಾಶ ಕಳಚಿ ಬೀಳುವುದಿಲ್ಲ. ನನ್ನ ಜಗಳ ರಮ್ಮಿನ ಮೇಲಲ್ಲ, ಅದು ಟೀಯೊಳಗೆ ಬಂದು ಕೂತದ್ದರ ಮೇಲೆ. ಸಂಜೆಯ ವಸ್ತು ಬೆಳಗಿಗೆ ಬಂತು. ಹಜಾರದ ವಸ್ತು ಅಡುಗೆಮನೆಗೆ ಬಂತು. ಗಂಡಸಿನ ಕೈಯ ವಸ್ತು ನನ್ನ ಕೈಯಿಂದ ದಾಟಿ ಹೋಗುವ ಹಾಗಾಯಿತು. ಇದಕ್ಕೆ ನನ್ನ ಒಪ್ಪಿಗೆ ಕೇಳಿದವರು ಯಾರು?

ಕಮ್ಮನಹಳ್ಳಿಯನ್ನು ಈಗ ನೋಡಿದವರಿಗೆ ಇಲ್ಲಿ ಸೈನಿಕರ ಸಂಸಾರಗಳಿವೆ ಎಂದರೆ ನಂಬಿಕೆ ಬರುವುದು ಕಷ್ಟ. ಮೇನ್ ರೋಡಿನ ತುಂಬ ತಿಂಡಿ ಅಂಗಡಿ, ಬಟ್ಟೆ ಅಂಗಡಿ, ಸಂಜೆಯಾದರೆ ಕಾಲಿಡಲು ಜಾಗವಿಲ್ಲ. ಆದರೆ ಒಳರಸ್ತೆಗಳಿಗೆ ಬನ್ನಿ. ವಾಯುಪಡೆ, ನೌಕಾಪಡೆಯವರಿಗೆಂದು ಕಟ್ಟಿದ ಜಲವಾಯು ವಿಹಾರ ಇಲ್ಲೇ ಇದೆ. ಅಲ್ಲಿ ಮನೆ ಸಿಗದ ನಮ್ಮಂಥ ನಾಯಕ್, ಹವಾಲ್ದಾರರ ಕುಟುಂಬಗಳು ಲಿಂಗರಾಜಪುರದಿಂದ ಬಾಣಸವಾಡಿಯವರೆಗೆ ಇಪ್ಪತ್ತು-ಮೂವತ್ತರ, ಮೂವತ್ತು-ನಲವತ್ತರ ಸೈಟುಗಳಲ್ಲಿ ಒಂದೊಂದು ಮನೆ ಎಬ್ಬಿಸಿಕೊಂಡು ಕೂತಿವೆ. ಕಂಟೋನ್ಮೆಂಟಿಗೆ ಹತ್ತಿರ, ಶಿವಾಜಿನಗರಕ್ಕೆ ಬಸ್ಸಿದೆ, ಪೆನ್ಷನ್ ಕೆಲಸಕ್ಕೂ ಕ್ಯಾಂಟೀನಿಗೂ ಆಸ್ಪತ್ರೆಗೂ ಅನುಕೂಲ ಎಂಬುದೇ ಇಲ್ಲಿಗೆ ಬಂದ ಕಾರಣ. ಹಲಸೂರು ಕೆರೆಯ ದಂಡೆಯಲ್ಲಿ 1780ರಷ್ಟು ಹಳೆಯ ಮದ್ರಾಸ್ ಸ್ಯಾಪರ್ಸ್ ಪಲ್ಟನ್ನಿನ ಕೇಂದ್ರ. ನಿವೃತ್ತರಾದವರು ಅದರ ಸುತ್ತಮುತ್ತ ಉಳಿದುಬಿಡುವುದು ಹೊಸದೇನಲ್ಲ. ತಮಿಳರು, ತೆಲುಗರು, ಮಲಯಾಳಿಗಳು, ಆಂಗ್ಲೋ ಇಂಡಿಯನ್ನರು, ಹಾಸನ ಕೋಲಾರ ಕೊಡಗಿನ ನಾವು, ಎಲ್ಲರ ಮನೆಯಲ್ಲೂ ಒಂದು ಕಪ್ಪು ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ನಂಬರು.

'ಮಿಲಿಟರಿ' ಎಂಬ ಮಾತಿಗೆ ನಮ್ಮ ಬೆಂಗಳೂರಿನಲ್ಲಿ ಏನು ಮರ್ಯಾದೆ ನೋಡಿ! ಮಿಲಿಟರಿ ಹೋಟೆಲ್ ಎನ್ನುತ್ತೇವೆ, ಒಳಗೆ ಹೋದರೆ ಮಿಲಿಟರಿಯವರು ಒಬ್ಬರೂ ಇರುವುದಿಲ್ಲ, ಮುದ್ದೆ ಮತ್ತು ಮಟನ್ ಸಾರು ಇರುತ್ತದೆ. ಮಿಲಿಟರಿ ಕಂಬಳಿ ಎಂದರೆ ಹರಿಯುವುದಿಲ್ಲ, ಮಿಲಿಟರಿ ಬೂಟು ಎಂದರೆ ಸವೆಯುವುದಿಲ್ಲ. ಅದೇ ಲೆಕ್ಕದಲ್ಲಿ ಮಿಲಿಟರಿ ರಮ್ಮು ಎಂದರೆ ಕೆಡಿಸುವುದಿಲ್ಲ. ಮನೆಗೆ ನಲ್ಲಿ ರಿಪೇರಿಗೆ ಬಂದವನು, ಕರೆಂಟಿನವನು, ಮದುವೆ ಮನೆಯಲ್ಲಿ ಸಿಕ್ಕ ದೂರದ ಭಾವ, ಎಲ್ಲರದೂ ಪಿಸುಮಾತಿನಲ್ಲಿ ಒಂದೇ ಪ್ರಶ್ನೆ: "ಕ್ಯಾಂಟೀನ್ ಬಾಟ್ಲಿ ಒಂದು ಸಿಗಬಹುದಾ ಅಕ್ಕಾ?" ಅರ್ಜಿ ಮುಂದಕ್ಕೆ ಸರಿಯಬೇಕಾದರೆ ಐನೂರರ ನೋಟಿಗಿಂತ ಈ ಬಾಟ್ಲಿ ಬೇಗ ಕೆಲಸ ಮಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೋಟು ಕೊಟ್ಟರೆ ಲಂಚ, ಬಾಟ್ಲಿ ಕೊಟ್ಟರೆ ಪ್ರೀತಿ.

ನಾನು ಹಾಸನದ ಕಡೆಯವಳು. ನಮ್ಮದು ಕಾಫಿಯ ಸೀಮೆ. ನಮ್ಮ ತೌರಿನಲ್ಲಿ ಟೀ ಎಂದರೆ ಜ್ವರ ಬಂದವರ ಪಾನೀಯ. ಟೀ ನನ್ನ ಸಂಸಾರಕ್ಕೆ ಬಂದದ್ದೇ ಸೈನ್ಯದಿಂದ, ನಮ್ಮ ಯಜಮಾನರ ರಜೆಯ ಜೊತೆಯಲ್ಲಿ. ಅವರು ಲಂಗರಿನ ಟೀಯನ್ನು ವರ್ಣಿಸುತ್ತಿದ್ದ ರೀತಿ ಕೇಳಬೇಕಿತ್ತು. ದೊಡ್ಡ ಪಾತ್ರೆಯಲ್ಲಿ ಸೊಪ್ಪು, ಸಕ್ಕರೆ, ಹಾಲು ಎಲ್ಲವನ್ನೂ ಒಟ್ಟಿಗೆ ಹಾಕಿ ಕುದಿಸಿ, ಎನಾಮೆಲ್ ಮಗ್ಗಿಗೆ ಅಂಚಿನವರೆಗೆ ಸುರಿಯುವುದು. 1995ರಲ್ಲಿ ಮೂವತ್ತೇಳನೆಯ ವಯಸ್ಸಿಗೆ ಅವರು ಹವಾಲ್ದಾರರಾಗಿ ನಿವೃತ್ತರಾಗಿ ಬಂದಾಗ ಮಗ್ಗೂ ಬಂತು, ಟೀಯೂ ಬಂತು, ಆ ಕಥೆಯೂ ಬಂತು.

ಕಥೆ ಹೀಗೆ. ಅವರ ಪಲ್ಟನ್ನಿನಲ್ಲಿ ವರ್ಷಕ್ಕೊಮ್ಮೆ, ಪಲ್ಟನ್ನು ಹುಟ್ಟಿದ ದಿನ, ಬೆಳಗಿನ ಜಾವದ ಕತ್ತಲಲ್ಲಿ ಅಧಿಕಾರಿಗಳು ತಾವೇ ಕೆಟಲ್ ಹಿಡಿದು ಜವಾನರ ಬ್ಯಾರಕ್ಕಿಗೆ ಬರುತ್ತಿದ್ದರು. ಹಾಸಿಗೆಯಲ್ಲಿ ಮಲಗಿದ್ದವನನ್ನು ಹೆಸರು ಹಿಡಿದು ಎಬ್ಬಿಸಿ, ಮಗ್ಗಿಗೆ ಟೀ ಬಗ್ಗಿಸಿ, ಅದಕ್ಕೊಂದಿಷ್ಟು ರಮ್ಮು ಸೇರಿಸಿ ಕೈಗೆ ಕೊಡುತ್ತಿದ್ದರು. ದಿನವೂ ಸೆಲ್ಯೂಟ್ ಹೊಡೆಸಿಕೊಳ್ಳುವ ಕರ್ನಲ್ ಸಾಹೇಬರು ಅವತ್ತು ಅಡುಗೆಯವನ ಹಾಗೆ ಬಗ್ಗಿ ನಿಲ್ಲುತ್ತಿದ್ದರು. ಇದನ್ನು ಹೇಳುವಾಗ ನಮ್ಮ ಯಜಮಾನರ ಕಣ್ಣು ಈಗಲೂ ಒದ್ದೆಯಾಗುತ್ತದೆ. ನಾನು ಆ ಒದ್ದೆಯನ್ನು ಗೇಲಿ ಮಾಡುವುದಿಲ್ಲ. ಅರ್ಥವಾಗುತ್ತದೆ.

ಈ ಪದ್ಧತಿ ನಮ್ಮದಲ್ಲ, ಇಂಗ್ಲಿಷರದು. ಅವರ ಸೈನ್ಯದಲ್ಲಿ ಇದಕ್ಕೆ 'ಗನ್‌ಫೈರ್' ಎಂದು ಹೆಸರು. ದಂಡಿನಲ್ಲಿ ಬೆಳಗಿನ ತೋಪು ಹಾರಿಸುವ ಹೊತ್ತಿಗೆ, ಕವಾಯತಿಗೆ ಮೊದಲು ಕುಡಿಯುತ್ತಿದ್ದ ಟೀಗೆ ಆ ಹೆಸರು ಬಂದು, ಅದರೊಳಕ್ಕೆ ರಮ್ಮು ಇಳಿಯಿತು. ಬ್ರಿಟಿಷ್ ಸೈನ್ಯದಲ್ಲಿ ಕ್ರಿಸ್‌ಮಸ್ ದಿನದ ಬೆಳಿಗ್ಗೆ ಅಧಿಕಾರಿಗಳು ಸಿಪಾಯಿಗಳ ಹಾಸಿಗೆಯ ಬಳಿಗೇ ಇದನ್ನು ಒಯ್ದು ಕೊಡುತ್ತಾರೆ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು 1915ರ ಗಲ್ಲಿಪೋಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಪ್ರತಿ ಏಪ್ರಿಲ್ 25ರ ಬೆಳಗಿನ ಜಾವ ಸೇರುತ್ತಾರಲ್ಲ, ಅಲ್ಲಿ ಪ್ರಾರ್ಥನೆ ಮುಗಿದ ಮೇಲೆ ರಮ್ಮು ಬೆರೆಸಿದ ಕಾಫಿ ಕೊಡುವ ರೂಢಿಯಿದೆ. ನಮ್ಮ ಸೈನ್ಯದ 'ಬಡಾ ಖಾನಾ'ದಲ್ಲೂ ಅಧಿಕಾರಿಗಳು ಜವಾನರಿಗೆ ಬಡಿಸುತ್ತಾರೆ. ಎಲ್ಲ ಕಡೆಯೂ ತಿರುಳು ಒಂದೇ. ವರ್ಷಕ್ಕೊಂದು ದಿನ ದೊಡ್ಡವನು ಚಿಕ್ಕವನಿಗೆ ಸೇವೆ ಮಾಡಬೇಕು. ರಮ್ಮು ಅಲ್ಲಿ ಒಂದು ನೆಪ.

ಹಾಗಾದರೆ ಕೇಳುತ್ತೇನೆ. ಈ ಸಂಪ್ರದಾಯ ಕಮ್ಮನಹಳ್ಳಿಯ ನನ್ನ ಮನೆಗೆ ಬರುವಾಗ ಏನಾಯಿತು? ವರ್ಷಕ್ಕೊಂದು ದಿನ ಹೋಗಿ ದಿನವೂ ಆಯಿತು. ಅಳೆದು ಕೊಡುವ ಕೈ ಹೋಗಿ ಅಳತೆಯೇ ಹೋಯಿತು. ಮುಖ್ಯವಾಗಿ, ಬಡಿಸುವವರು ಬದಲಾದರು. ಅಲ್ಲಿ ಕರ್ನಲ್ ಸಾಹೇಬರು ಜವಾನನಿಗೆ ಟೀ ಕೊಟ್ಟರೆ ಇಲ್ಲಿ ಐದು ಗಂಟೆಗೆ ಎದ್ದು, ಹಾಲು ತಂದು, ಒಲೆ ಹಚ್ಚಿ, ಹಾಸಿಗೆಯ ಪಕ್ಕಕ್ಕೆ ಲೋಟ ಒಯ್ಯುವವಳು ನಾನು. ಮನೆಯಲ್ಲಿ ಕರ್ನಲ್ ಯಾರು, ಜವಾನ ಯಾರು ಎಂದು ನಿಮಗೆ ಬಿಡಿಸಿ ಹೇಳಬೇಕೆ? ಸಂಪ್ರದಾಯ ತರುವುದಾದರೆ ಪೂರ್ತಿ ತನ್ನಿ ಸ್ವಾಮಿ. ವರ್ಷಕ್ಕೊಂದು ದಿನ, ಬೇಕಾದರೆ ನಮ್ಮ ಮದುವೆಯಾದ ದಿನವೇ ಆಗಲಿ, ನೀವು ನಾಲ್ಕೂವರೆಗೆ ಎದ್ದು, ಕೆಟಲ್ ಹಿಡಿದು ಬಂದು, ನನ್ನ ಹೆಸರು ಹಿಡಿದು ಎಬ್ಬಿಸಿ ಟೀ ಕೊಡಿ. ರಮ್ಮು ಹಾಕದೆ ಕೊಡಿ. ಆಗ ನಾನು ಎದ್ದು ನಿಂತು ಸೆಲ್ಯೂಟ್ ಹೊಡೆಯುತ್ತೇನೆ.

ಇದನ್ನು ಬರೆದಷ್ಟೂ ನಮ್ಮ ಯಜಮಾನರು ಹಿಂದಿನಿಂದ ಬಗ್ಗಿ ಓದುತ್ತಿದ್ದಾರೆ. "ಇದು ಪಲ್ಟನ್ನಿನ ಮರ್ಯಾದೆ ಪ್ರಶ್ನೆ ಕಣೇ, ಸ್ವಲ್ಪ ನೋಡಿ ಬರಿ" ಎನ್ನುತ್ತಾರೆ. ನೋಡಿಯೇ ಬರೆಯುತ್ತಿದ್ದೇನೆ. ಪಲ್ಟನ್ನಿನ ಹೆಸರು ಬರೆದಿಲ್ಲ.

ಟೀ ಮತ್ತು ರಮ್ಮಿನ ಈ ಸ್ನೇಹದಲ್ಲಿ ಒಂದು ತಮಾಷೆಯಿದೆ. ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ದಂಡು ಅಲ್ಲಿನ ಸೊಳ್ಳೆ ಜ್ವರಕ್ಕೆ ಹೆದರಿ 1809ರಲ್ಲಿ ಬೆಂಗಳೂರಿಗೆ ಬಂತು. ಹಲಸೂರಿನ ಪಕ್ಕದ ಬಯಲು ಕಂಟೋನ್ಮೆಂಟ್ ಆಯಿತು. ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಆಮೇಲೆ ಕಾಮರಾಜ ರಸ್ತೆಯಾದ ಕ್ಯಾವಲ್ರಿ ರಸ್ತೆ ಎಲ್ಲ ಆ ದಂಡಿನ ಗುರುತುಗಳು. ಗೋರಾ ಸಿಪಾಯಿಗಳ ಕುಡಿತ ಅಂದಿನ ಸೈನ್ಯಕ್ಕೆ ದೊಡ್ಡ ತಲೆನೋವಾಗಿತ್ತು. ಅದಕ್ಕೇ ಮುಂದೆ ಲಾರ್ಡ್ ಎನಿಸಿಕೊಂಡ ರಾಬರ್ಟ್ಸ್ ಭಾರತದ ದಂಡನಾಯಕನಾಗಿದ್ದಾಗ, 1880ರ ದಶಕದ ಕೊನೆಗೆ, ಆರ್ಮಿ ಟೆಂಪರೆನ್ಸ್ ಅಸೋಸಿಯೇಷನ್ ಎಂಬ ಸಂಸ್ಥೆ ಹುಟ್ಟಿತು. ಸಿಪಾಯಿ ಹೆಂಡದಂಗಡಿಗೆ ಹೋಗದಿರಲೆಂದು ಪಲ್ಟನ್ನುಗಳಲ್ಲಿ ಕೋಣೆಗಳನ್ನು ತೆರೆದು, ಅಲ್ಲಿ ಓದಲು ಪತ್ರಿಕೆ, ಆಡಲು ಆಟ, ಕುಡಿಯಲು ಟೀ ಮತ್ತು ಕಾಫಿ ಇಟ್ಟರು. ಅಂದರೆ ದಂಡಿನಲ್ಲಿ ಟೀ ರಮ್ಮಿಗೆ ಎದುರಾಳಿಯಾಗಿ ನಿಂತಿತ್ತು! ಎದುರಾಳಿಯನ್ನೇ ಒಳಗೆ ಹಾಕಿಕೊಂಡರೆ ಯುದ್ಧ ಮುಗಿದಂತಲ್ಲವೆ? ರಮ್ಮು ಮಾಡಿದ್ದು ಅದನ್ನೇ.

ಇನ್ನು ಚಳಿಯ ಮಾತು. ಇದು ಗಂಡಸರ ಬತ್ತಳಿಕೆಯಲ್ಲಿನ ದೊಡ್ಡ ಬಾಣ. "ನಿನಗೇನು ಗೊತ್ತು ಆ ಚಳಿ" ಎಂದರೆ ನಾವು ಬಾಯಿ ಮುಚ್ಚಬೇಕು. ಆ ಚಳಿ ನನಗೆ ಗೊತ್ತಿಲ್ಲ, ನಿಜ. ಸಿಯಾಚಿನ್ನಿನ ಚಳಿ ಎಂಥದ್ದೆಂದು ನಮ್ಮ ನಾಡಿನ ಎಷ್ಟೋ ಮನೆಗಳಿಗೆ ತಿಳಿದದ್ದು 2016ರ ಫೆಬ್ರವರಿಯಲ್ಲಿ, ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಹಿಮದಡಿ ಆರು ದಿನ ಉಸಿರು ಹಿಡಿದಿದ್ದು, ಹೊರತೆಗೆದ ಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡಾಗ. ಆ ಎತ್ತರದಲ್ಲಿ ನಿಂತವರ ಬಗ್ಗೆ ನಾನು ಹಗುರವಾಗಿ ಮಾತಾಡಲಾರೆ. ಆದರೆ ರಮ್ಮು ಚಳಿಗೆ ಔಷಧಿ ಎಂಬುದು ಅಲ್ಲಿಯೂ ಸುಳ್ಳು, ಇಲ್ಲಿಯೂ ಸುಳ್ಳು. ಮದ್ಯ ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಒಳಗಿನ ಬಿಸಿರಕ್ತ ಮೇಲಕ್ಕೆ ಬಂದು ಮೈ ಬೆಚ್ಚಗಾದಂತೆ ತೋರುತ್ತದೆ. ಹಾಗೆ ಮೇಲೆ ಬಂದ ಶಾಖ ಗಾಳಿಯ ಪಾಲಾಗಿ, ಒಳಗಿನ ಅಂಗಾಂಗಗಳು ಮೊದಲಿಗಿಂತ ತಣ್ಣಗಾಗುತ್ತವೆ. ಒಲೆಯ ಕೆಂಡವನ್ನೆಲ್ಲ ಬಾಚಿ ಜಗುಲಿಯ ಮೇಲೆ ಹರಡಿ, ನೋಡಿ ಜಗುಲಿ ಎಷ್ಟು ಬೆಚ್ಚಗಿದೆ ಎಂದ ಹಾಗೆ. ಒಳಗೆ ಅನ್ನ ಬೇಯುವುದು ಬೇಡವೆ?

ರಮ್ಮಿನ ಟೀ ಕುಡಿದವರಿಗೆ ನಿಜವಾಗಿ ಹಿತ ಕೊಟ್ಟದ್ದು ಬಿಸಿ ಟೀ, ಅದರ ಸಕ್ಕರೆ. ಕೆಲಸ ಟೀಯದು, ಹೆಸರು ರಮ್ಮಿನದು. ಈ ನ್ಯಾಯ ಹೆಂಗಸರಿಗೆ ಹೊಸದಲ್ಲ ಬಿಡಿ.

ಬೆಂಗಳೂರಿನಲ್ಲಿ ಅಂಥ ಚಳಿಯಾದರೂ ಎಲ್ಲಿದೆ? ಹವಾಮಾನ ಇಲಾಖೆಯ ದಾಖಲೆಯಲ್ಲಿ ಈ ಊರಿನ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯಲ್ಲಿ ಬಂದ 7.8 ಡಿಗ್ರಿ. ಮಾಗಿಯಲ್ಲೂ ಈಗ ಹದಿನೈದರ ಆಸುಪಾಸು. ಒಂದು ಸ್ವೆಟರು, ಒಂದು ಮಫ್ಲರು ಸಾಕು. ಏಪ್ರಿಲ್ ತಿಂಗಳಲ್ಲಿ ಫ್ಯಾನಿನ ಕೆಳಗೆ ಕೂತು ಚಳಿಯ ಔಷಧಿ ಕುಡಿಯುವವರನ್ನು ನೋಡಿ ನಗದೆ ಇರುವುದು ಹೇಗೆ?

"ಬಿಸಿಗೆ ಅದರ ಸಾರವೆಲ್ಲ ಹಾರಿಹೋಗುತ್ತೆ, ವಾಸನೆ ಮಾತ್ರ ಉಳಿಯುತ್ತೆ" ಎಂದು ಇನ್ನೊಂದು ವಾದ. ಮದ್ಯಸಾರ ಕುದಿಯುವುದು 78 ಡಿಗ್ರಿಯಲ್ಲಿ ಎಂಬುದನ್ನು ಶಾಲೆಯಲ್ಲಿ ಓದಿದವರು ಇದನ್ನು ಬಲವಾಗಿ ಹೇಳುತ್ತಾರೆ. ಆದರೆ ಒಲೆಯಿಂದಿಳಿಸಿ, ಸೋಸಿ, ಲೋಟಕ್ಕೆ ಬಂದು ಕುಡಿಯುವ ಹದಕ್ಕೆ ಆರಿದ ಟೀ ಕುದಿಯುತ್ತಿರುವುದಿಲ್ಲ. ಹಾಕಿದ್ದರಲ್ಲಿ ಹೆಚ್ಚು ಪಾಲು ಹಾಕಿದ ಹಾಗೇ ಹೊಟ್ಟೆಗೆ ಇಳಿಯುತ್ತದೆ. ಲೆಕ್ಕವನ್ನು ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಹಾಕಿ ನೋಡಿದ್ದೇನೆ. ನಮ್ಮಲ್ಲಿ ಸಿಗುವ ರಮ್ಮಿನಲ್ಲಿ ನೂರಕ್ಕೆ 42.8 ಭಾಗ ಮದ್ಯಸಾರ. ಬೆಳಿಗ್ಗೆಯ ಟೀಗೆ ಒಂದು ದೊಡ್ಡ ಪೆಗ್, ಅಂದರೆ 60 ಮಿಲಿ ಬಿದ್ದರೆ ಅದರಲ್ಲಿ ಸುಮಾರು 25 ಮಿಲಿ ಶುದ್ಧ ಮದ್ಯಸಾರ. ತಿಂಗಳಿಗೆ 1800 ಮಿಲಿ. 750 ಮಿಲಿಯ ಎರಡು ಬಾಟ್ಲಿ ಖಾಲಿಯಾಗಿ ಮೂರನೆಯದರ ಕುತ್ತಿಗೆ ಇಳಿದಿರುತ್ತದೆ. ಇದು ಬರೀ ಬೆಳಗಿನ 'ಔಷಧಿ'. ಸಂಜೆಯದು ಬೇರೆ ಖಾತೆ.

ಖಾತೆ ಎಂದ ಕೂಡಲೇ ನಮ್ಮ ಬೀದಿಯ ಕೊನೆಯ ಮನೆಯವಳ ಮಾತು ಹೇಳಬೇಕು. ಹೆಸರು ಬೇಡ. ನನಗಿಂತ ಹತ್ತು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಗಂಡ ನಾಯಕ್ ಆಗಿ ನಿವೃತ್ತನಾಗಿ ಬಂದಾಗ ನಲವತ್ತು ಕೂಡ ತುಂಬಿರಲಿಲ್ಲ. ಬಂದೂಕು ಹಿಡಿದ ಕೈಗೆ ಒಂದು ಎ.ಟಿ.ಎಂ. ಮುಂದೆ ಕೂರುವ ರಾತ್ರಿ ಪಾಳಿಯ ಕೆಲಸ ಸಿಕ್ಕಿತು. ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು, ಅವಳು ಕೊಟ್ಟ ಟೀಗೆ ಬಾಟ್ಲಿಯಿಂದ ಬೆರೆಸಿ ಕುಡಿದು ಮಲಗುವುದು. ಗಲಾಟೆ ಇಲ್ಲ, ಹೊಡೆತ ಬಡಿತ ಇಲ್ಲ, ಬೀದಿಯಲ್ಲಿ ತೂರಾಡಿದ್ದನ್ನು ಒಬ್ಬರೂ ಕಂಡವರಲ್ಲ. ಪುಣ್ಯವಂತೆ ಎಂದು ನಾವೆಲ್ಲ ಅವಳಿಗೆ ಹೇಳುತ್ತಿದ್ದೆವು. ಒಂದು ಲೋಟ ಎರಡಾಯಿತು. ಟೀ ಕಡಿಮೆಯಾಗಿ ಇನ್ನೊಂದು ಹೆಚ್ಚಾಯಿತು. ಲೋಟ ಮಾತ್ರ ಅದೇ ಸ್ಟೀಲಿನ ಲೋಟ, ಮಕ್ಕಳ ಕಣ್ಣಿಗೆ ಅಪ್ಪ ಕುಡಿಯುತ್ತಿರುವುದು ಟೀ.

2010ರಲ್ಲಿ ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಆಸ್ಪತ್ರೆಗೆ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕುಡೀತಾರೇನಮ್ಮಾ?" ಅವಳು ನಿಸ್ಸಂಕೋಚವಾಗಿ, "ಇಲ್ಲ ಡಾಕ್ಟ್ರೇ, ಬರೀ ಟೀ" ಎಂದಳು. ಆಮೇಲೆ ಅವನ ಕಡೆ ತಿರುಗಿ, "ಅಲ್ವೇನ್ರೀ?" ಎಂದಳು. ಅವನು ಗೋಡೆ ನೋಡಿದ. ಅವಳು ಸುಳ್ಳು ಹೇಳಿದಳೆಂದು ತಿಳಿಯಬೇಡಿ. ಕುಡಿತವೆಂದರೆ ತನ್ನ ತೌರೂರಿನ ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಿದ್ದವರದು ಎಂದೇ ಅವಳು ನಂಬಿದ್ದಳು. ಇದು ಮಿಲಿಟರಿ ಟೀ, ಶಿಸ್ತು, ಔಷಧಿ. ಎರಡು ವರ್ಷ ನರಳಿ, ಐವತ್ತು ತುಂಬುವ ಮೊದಲೇ ಹೋದ.

ಹದಿಮೂರನೆಯ ದಿನ ಎಡೆ ಇಡುವಾಗ ಅವನ ಜೊತೆಯವರು ಮೂರು ಜನ ಬಂದರು. ತುಂಬ ಒಳ್ಳೆಯವರು, ಆಸ್ಪತ್ರೆಯ ಖರ್ಚಿಗೆ ಹಣ ಕೂಡಿಸಿ ಕೊಟ್ಟವರು. ಅವನಿಗೆ ಇಷ್ಟವಾದದ್ದು ಎಂದು ಒಂದು ಬಾಟ್ಲಿ ತಂದಿದ್ದರು. ಅವಳು, "ಅದು ಬೇಡ ಅಣ್ಣಾ, ಟೀ ಇಡ್ತೀನಿ" ಎಂದು ಸ್ಟೀಲಿನ ಲೋಟದಲ್ಲಿ ಟೀ ತಂದು ಎಲೆಯ ಪಕ್ಕ ಇಟ್ಟಳು. ಅವರಲ್ಲೊಬ್ಬರು, ಅಳುತ್ತಲೇ, ಬಾಟ್ಲಿಯ ಮುಚ್ಚಳ ತೆಗೆದು ಆ ಟೀಗೆ ಒಂದಿಷ್ಟು ಸುರಿದರು.

ಅವಳು ಸುಮ್ಮನೆ ನೋಡುತ್ತಿದ್ದಳು. ನಾನು ಲೋಟ ಎತ್ತಿ ಹಿತ್ತಲಿಗೆ ಚೆಲ್ಲಿ ಬಂದೆ. ಅವತ್ತಿನಿಂದ ನಮ್ಮ ಬೀದಿಯ ಗಂಡಸರಲ್ಲಿ ನನಗೆ ಒಂದು ಹೆಸರು ಬಂದಿದೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ಸಾರಾಯಿಯ ಮಾತು ಬಂತಲ್ಲ, ಅದನ್ನೂ ಸ್ವಲ್ಪ ನೋಡೋಣ. ಕಬ್ಬಿನ ಹಾಲಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎನ್ನುತ್ತೇವೆ. ನಮ್ಮ ರಾಜ್ಯದ ಅಂಗಡಿಗಳಲ್ಲಿ ಮಾರುತ್ತಿದ್ದ ಸಾರಾಯಿಯೂ ಆ ಕಾಕಂಬಿಯ ಕೂಸು, ಕ್ಯಾಂಟೀನಿನ ರಮ್ಮೂ ಅದರದೇ ಕೂಸು. ಅಕ್ಕತಂಗಿಯರು. ಒಬ್ಬಳು ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂದು ಬೀದಿಪಾಲಾದಳು, ಇನ್ನೊಬ್ಬಳು ಗಾಜಿನ ಬಾಟ್ಲಿಯಲ್ಲಿ ಬಂದು ಮರ್ಯಾದಸ್ಥಳಾದಳು. 1981ರಲ್ಲಿ ಕಳ್ಳಭಟ್ಟಿ ಕುಡಿದು ಈ ರಾಜ್ಯದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತಾಗ ಊರೆಲ್ಲ ಛೀ ಎಂದಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ಎದ್ದಾಗ ಆಂಧ್ರದ ಸರ್ಕಾರವೇ ಅಲುಗಾಡಿತು. ನಮ್ಮಲ್ಲಿ 2007ರ ಜುಲೈಯಿಂದ ಸಾರಾಯಿ ನಿಂತಿತು. ಆ ಹೋರಾಟ ಮಾಡಿದ್ದು ಕೂಲಿಯ ಹೆಂಗಸರು. ಅವರಿಗೆ ತಮ್ಮ ಶತ್ರುವಿನ ಮುಖ ಗೊತ್ತಿತ್ತು, ಅಂಗಡಿ ಎಲ್ಲಿದೆ ಎಂದೂ ಗೊತ್ತಿತ್ತು. ಕಲ್ಲೆಸೆಯಲು ಅವರಿಗೊಂದು ಬಾಗಿಲಿತ್ತು. ನಮ್ಮಂಥವರು ಎಲ್ಲಿಗೆ ಹೋಗಿ ಧರಣಿ ಕೂರುವುದು? ಕ್ಯಾಂಟೀನಿನಲ್ಲಿ ಸೋಪು, ಎಣ್ಣೆ, ಪ್ರೆಷರ್ ಕುಕ್ಕರೂ ಸಿಗುತ್ತದೆ, ನಾವೇ ಚೀಲ ಹಿಡಿದು ಸಾಲಿನಲ್ಲಿ ನಿಂತಿರುತ್ತೇವೆ.

ಆ ಸಾಲಿನಲ್ಲೂ ದರ್ಜೆಯಿದೆ. ತಿಂಗಳ ಬಾಟ್ಲಿಗಳ ಪಾಲು ಅಧಿಕಾರಿಗೆ ಹೆಚ್ಚು, ಜೆ.ಸಿ.ಓ.ಗೆ ಅದಕ್ಕಿಂತ ಕಡಿಮೆ, ಜವಾನನಿಗೆ ಇನ್ನೂ ಕಡಿಮೆ. ತೆರಿಗೆಯ ರಿಯಾಯಿತಿಯಿಂದ ಹೊರಗಿಗಿಂತ ಅಗ್ಗ. ಅಗ್ಗವಾದದ್ದನ್ನು ಬಿಟ್ಟರೆ ನಷ್ಟ ಎಂಬ ಲೆಕ್ಕ ನಮ್ಮ ಮಧ್ಯಮ ವರ್ಗದ ರಕ್ತದಲ್ಲಿದೆ. ಕುಡಿಯದವರೂ ತಂದಿಡುತ್ತಾರೆ. ತಂದಿಟ್ಟ ಮೇಲೆ ಅದು ಸುಮ್ಮನಿರುತ್ತದೆಯೆ? ಮಗುವಿಗೆ ಕೆಮ್ಮಾದರೆ ಒಂದು ಚಮಚ, ಬಾಣಂತಿಗೆ ಸೊಂಟ ನೋವೆಂದರೆ ಎರಡು ಚಮಚ, ಅಜ್ಜಿಗೆ ನಿದ್ದೆ ಬರದಿದ್ದರೆ ಮೂರು. ಎಳೆಯ ಮಕ್ಕಳಿಗೆ ಮದ್ಯ ವಿಷ, ಒಂದು ಚಮಚವೂ ವಿಷವೇ. ಹಾಲೂಡಿಸುವ ತಾಯಿ ಕುಡಿದದ್ದು ಹಾಲಿನಲ್ಲಿ ಇಳಿಯುತ್ತದೆ. ಇಂತಿಷ್ಟು ಕುಡಿದರೆ ಅಪಾಯವಿಲ್ಲ ಎನ್ನುವಂಥ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಆದರೂ ಬಾಟ್ಲಿಯ ಮೇಲೆ 'ಮಿಲಿಟರಿ' ಎಂಬ ಮುದ್ರೆ ಬಿದ್ದರೆ ನಮ್ಮ ಕಣ್ಣಿಗೆ ಅದು ಔಷಧಿಯ ಸೀಸೆ.

ಕೊನೆಗೆ ಬರುವುದು ದೇಶಭಕ್ತಿ. "ದೇಶಕ್ಕೆ ಪ್ರಾಣ ಕೊಡುವವನಿಗೆ ಒಂದು ಪೆಗ್ಗಿಗೂ ಲೆಕ್ಕ ಕೇಳ್ತೀರಾ?" ಎಂದು ಒಬ್ಬ ನಿವೃತ್ತ ಸುಬೇದಾರರು ನನ್ನ ಮೇಲೆ ರೇಗಿದರು. ಈ ವಾದದ ಬಲ ಎಷ್ಟೆಂದರೆ ಗಾಂಧೀಜಿ ಹುಟ್ಟಿದ, ಪಾನನಿರೋಧ ಇರುವ ಗುಜರಾತಿನಲ್ಲೂ ಮಾಜಿ ಸೈನಿಕರಿಗೆ ಪರ್ಮಿಟ್ಟು ಸಿಗುತ್ತದೆ. ನಾನು ಸುಬೇದಾರರಿಗೆ ಹೇಳಿದೆ, ಅಣ್ಣಾ, ಪ್ರಾಣ ಕೊಡಲು ಸಿದ್ಧನಾದವನಿಗೆ ದೇಶ ತಿರುಗಿ ಏನು ಕೊಟ್ಟಿತು ಎಂದು ನಾನೂ ಕೇಳುತ್ತಿದ್ದೇನೆ. ಮೂವತ್ತೇಳಕ್ಕೆ ಮನೆಗೆ ಕಳಿಸಿತು. ಕೈಗೆ ವಾಚ್‌ಮನ್ ಕೆಲಸ ಮತ್ತು ಅಗ್ಗದ ಬಾಟ್ಲಿ ಕೊಟ್ಟಿತು. ರಾತ್ರಿ ನಿದ್ದೆಯಲ್ಲಿ ಬೆಚ್ಚಿಬಿದ್ದು ಎದ್ದು ಕೂತರೆ ಕಾರಣ ಕೇಳಲು ಒಬ್ಬರಿಲ್ಲ, ಕೇಳಿದವಳಿಗೆ ಉತ್ತರವಿಲ್ಲ, ರಮ್ಮಿದೆ. ಇದನ್ನು ಗೌರವ ಎನ್ನುತ್ತೀರಾ?

ರಮ್ಮಿನ ದೇಶಭಕ್ತಿಯ ವಂಶಾವಳಿಯೂ ಸ್ವಾರಸ್ಯವಾಗಿದೆ. ಸೈನ್ಯದವರೆಲ್ಲ ಹಾಡಿಹೊಗಳುವ ಓಲ್ಡ್ ಮಾಂಕ್ ರಮ್ಮನ್ನು 1954ರಲ್ಲಿ ಹೊರತಂದ ಮೋಹನ್ ಮೀಕಿನ್ ಕಂಪನಿಯ ಬೇರು ಹಿಡಿದು ಹೋದರೆ ಕಸೌಲಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಿಯರ್ ಕಾರ್ಖಾನೆ ಹಾಕಿದ ಎಡ್ವರ್ಡ್ ಡೈಯರ್ ಸಿಗುತ್ತಾನೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾಬಾಗಿನಲ್ಲಿ ಗುಂಡು ಹಾರಿಸಿದ ಡೈಯರ್ ಅವನ ಮಗ. ಅಪ್ಪ ಮಗನ ಪಾಪ ಬಾಟ್ಲಿಗೆ ಅಂಟುವುದಿಲ್ಲ, ಕಂಪನಿಯೂ ಈಗ ನಮ್ಮವರದೇ. ಆದರೆ ರಮ್ಮು ಕುಡಿಯುವುದು ದೇಶಸೇವೆ ಎಂದು ನನ್ನ ಅಡುಗೆಮನೆಯಲ್ಲಿ ನಿಂತು ಭಾಷಣ ಮಾಡುವವರಿಗೆ ಇಷ್ಟು ಇತಿಹಾಸ ಇರಲಿ. ಇನ್ನೊಂದೂ ಇರಲಿ. ದಿನಾ ರಮ್ಮು ಹಂಚುವ ಪದ್ಧತಿಯನ್ನು ಲೋಕಕ್ಕೆ ಕಲಿಸಿದ್ದು ಬ್ರಿಟಿಷ್ ನೌಕಾಪಡೆ. ಅಮಲಿನಲ್ಲಿ ತಪ್ಪು ಮಾಡುತ್ತಾರೆಂದು 1740ರಲ್ಲಿ ಅಡ್ಮಿರಲ್ ವರ್ನನ್ ಅದಕ್ಕೆ ನೀರು ಬೆರೆಸಿ ಕೊಡಿ ಎಂದು ಆಜ್ಞೆ ಮಾಡಿದ. ಯಂತ್ರಗಳ ಜೊತೆ ಅಮಲು ಸರಿಹೋಗದೆಂದು 1970ರ ಜುಲೈ 31ರಂದು ಆ ನೌಕಾಪಡೆ ದಿನದ ರಮ್ಮನ್ನು ನಿಲ್ಲಿಸಿಯೇ ಬಿಟ್ಟಿತು. ಮುನ್ನೂರು ವರ್ಷದ ಸಂಪ್ರದಾಯವನ್ನು ಒಂದೇ ದಿನದಲ್ಲಿ ಬಿಟ್ಟರು, ಹಡಗು ಮುಳುಗಲಿಲ್ಲ.

ನನ್ನ ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ಬಾಟ್ಲಿ ಟ್ರಂಕಿನಲ್ಲಿಲ್ಲ, ಹಜಾರದ ಷೋಕೇಸಿನಲ್ಲಿ ಎಲ್ಲರಿಗೂ ಕಾಣುವಂತಿದೆ. ಅದಕ್ಕೆ ಗಾಜಿನ ಲೋಟ, ತೊಳೆಯುವುದು ಅವರೇ. ಶನಿವಾರ ಸಂಜೆ ಮಾತ್ರ. ಟೀ ಲೋಟಕ್ಕೆ ಅದು ಬಿದ್ದರೆ ಮರುದಿನದಿಂದ ಟೀ ಇಲ್ಲ, ಹಾಸನದ ಕಾಫಿ. ಈ ಬೆದರಿಕೆಗೆ ಬಗ್ಗಿದ ವೀರಯೋಧರನ್ನು ನೋಡಬೇಕಾದರೆ ನಮ್ಮ ಮನೆಗೆ ಬನ್ನಿ.

ಎಲ್ಲರ ಮನೆಯಲ್ಲಿ ಹೀಗಾಗುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಮಾಜಿ ಸೈನಿಕರ ಒಂದು ಸಂಘಕ್ಕೆ ಪತ್ರ ಬರೆದಿದ್ದೇನೆ, ಹನ್ನೊಂದು ಹೆಂಗಸರು ಸಹಿ ಹಾಕಿದ್ದಾರೆ. ಕೇಳಿರುವುದು ಮೂರೇ. ಬಾಟ್ಲಿ ಬೇಡವೆನ್ನುವ ಮನೆಗೆ ಅದರ ರಿಯಾಯಿತಿಯಷ್ಟು ಬೆಲೆಯ ಬೇಳೆ, ಎಣ್ಣೆ, ಮಕ್ಕಳ ಪುಸ್ತಕ ಕೊಡಿ ಎಂದು ಮೇಲಿನವರಿಗೆ ಸಂಘದಿಂದ ಬರೆಯಿರಿ. ನಿವೃತ್ತನಾಗಿ ಬರುವವನ ಹೆಂಡತಿಯನ್ನು ಒಂದು ದಿನ ಕೂರಿಸಿಕೊಂಡು ಪೆನ್ಷನ್ ಜೊತೆಗೆ ಕುಡಿತದ ವಿಚಾರವನ್ನೂ, ನಿದ್ದೆ ಬಾರದ ರಾತ್ರಿಗಳ ವಿಚಾರವನ್ನೂ ಬಿಚ್ಚಿ ಹೇಳಿ. ಮತ್ತು ಸಂಘದ ವಾರ್ಷಿಕೋತ್ಸವದ ಬೆಳಿಗ್ಗೆ ಹಂಚುವ ಟೀ ಬರೀ ಟೀ ಆಗಿರಲಿ, ಗಂಡಸರು ಮಾಡಿ ಹೆಂಗಸರಿಗೆ ಕೊಡಲಿ.

ಕಾರ್ಯದರ್ಶಿಗಳು ಸಭ್ಯರು. ಪತ್ರ ಓದಿ, "ಒಳ್ಳೇ ವಿಚಾರ ತಾಯಿ. ಸದ್ಯಕ್ಕೆ ಮಹಿಳಾ ವಿಭಾಗದವರು ಆಗಸ್ಟ್ ಹದಿನೈದರ ರಂಗೋಲಿ ಜವಾಬ್ದಾರಿ ತಗೊಳ್ಳಿ" ಎಂದರು. ರಂಗೋಲಿಗೆ ಒಪ್ಪಿಕೊಂಡಿದ್ದೇನೆ, ಪತ್ರವನ್ನು ಸಭೆಯ ಮುಂದಿಡುವ ಷರತ್ತಿನ ಮೇಲೆ. ಸಭೆಯ ಸೂಚನಾಪತ್ರ ನಿನ್ನೆ ಬಂತು. ನಮ್ಮದು ಏಳನೆಯ ವಿಷಯ, ನೀರಿನ ಟ್ಯಾಂಕಿನ ದುರಸ್ತಿಯ ನಂತರ, ವಂದನಾರ್ಪಣೆಗೆ ಮೊದಲು. ಸಹಿ ಹಾಕಿದ ಹನ್ನೊಂದು ಜನರೂ ಬರುತ್ತಾರೆ. ಬೀದಿಯ ಕೊನೆಯ ಮನೆಯವಳು ತಾನು ಮೊದಲು ಮಾತಾಡುತ್ತೇನೆ ಎಂದಿದ್ದಾಳೆ.